ಪೈಥಾನ್ ಬೀಟಾ: ಒಂದು ಅಗುಳು ಹಿಸುಕಿ ನೋಡಿದರೆ ಸಾಲದು

2024ರ ಅಕ್ಟೋಬರ್ 1ರಂದು ಪೈಥಾನ್ 3.13 ಹೊರಬರಬೇಕಿತ್ತು. ಬರಲಿಲ್ಲ. ಬಿಡುಗಡೆಯ ಹೊಣೆ ಹೊತ್ತಿದ್ದ ಥಾಮಸ್ ವೌಟರ್ಸ್ ಅಂದು ಮೂರನೆಯ ರಿಲೀಸ್ ಕ್ಯಾಂಡಿಡೇಟ್ ಒಂದನ್ನು ಬಿಟ್ಟು, ಅಂತಿಮ ಆವೃತ್ತಿಯನ್ನು ಅಕ್ಟೋಬರ್ 7ಕ್ಕೆ ಮುಂದೂಡಿದರು. ಕಾರಣ, ಗಾರ್ಬೇಜ್ ಕಲೆಕ್ಟರ್. ಮೆಮೊರಿಯಲ್ಲಿ ಬಿದ್ದ ಕಸ ಗುಡಿಸುವ ಈ ಭಾಗವನ್ನು 3.13ಕ್ಕಾಗಿ ಹೊಸದಾಗಿ ಬರೆದಿದ್ದರು. ಮನೆಯೆಲ್ಲವನ್ನೂ ಒಂದೇ ಸಲ ಗುಡಿಸುತ್ತ ಎಲ್ಲರನ್ನೂ ಹೊರಗೆ ನಿಲ್ಲಿಸುವ ಬದಲು, ಆಗಾಗ ಒಂದೊಂದು ಮೂಲೆ ಗುಡಿಸುತ್ತ ಹೋಗುವುದು ಇದರ ಉಪಾಯ. ಕೇಳಲು ಚೆನ್ನಾಗಿಯೇ ಇದೆ. ನಾಲ್ಕು ಬೀಟಾ, ಎರಡು ರಿಲೀಸ್ ಕ್ಯಾಂಡಿಡೇಟ್ ದಾಟಿ ಬಂದಿತ್ತು. ಕೊನೆಯ ಗಳಿಗೆಯಲ್ಲಿ, ದಸ್ತಾವೇಜು ತಯಾರಿಸುವ ಸ್ಫಿಂಕ್ಸ್ ಎಂಬ ತಂತ್ರಾಂಶ ಇದರ ಮೇಲೆ ಗಮನಾರ್ಹವಾಗಿ ನಿಧಾನವಾಗುತ್ತಿದೆ ಎಂದು ಗೊತ್ತಾಯಿತು. ಹೊಸ ಪೊರಕೆಯನ್ನು ಬದಿಗಿಟ್ಟು ಹಳೆಯದನ್ನೇ ಮತ್ತೆ ಕೈಗೆತ್ತಿಕೊಂಡರು.

ಸ್ಫಿಂಕ್ಸ್ ಯಾವುದೋ ಮೂಲೆಯ ತಂತ್ರಾಂಶವಲ್ಲ. ಪೈಥಾನಿನ ಅಧಿಕೃತ ಕೈಪಿಡಿ ತಯಾರಾಗುವುದೇ ಅದರಿಂದ. ಮೊದಲ ಬೀಟಾ ಮೇ 8ರಂದೇ ಬಂದಿತ್ತು. ಹಾಗಾದರೆ ಆ ಐದು ತಿಂಗಳು ನಾವೆಲ್ಲ ಏನು ಮಾಡುತ್ತಿದ್ದೆವು?

ನನ್ನ ಮಟ್ಟಿಗೆ ಹೇಳುವುದಾದರೆ, ನಾನೂ ಒಂದು ಬೀಟಾ ಇಳಿಸಿಕೊಂಡಿದ್ದೆ. ಟೈಮ್‌ಇಟ್ ಬಳಸಿ ನಾಲ್ಕಾರು ಲೂಪುಗಳನ್ನು ಓಡಿಸಿ, ‘ಪರವಾಗಿಲ್ಲ, ವೇಗವಾಗಿದೆ’ ಎಂದುಕೊಂಡು ಲ್ಯಾಪ್‌ಟಾಪ್ ಮುಚ್ಚಿದ್ದೆ. ಆಮೇಲೆ ಕೈಪಿಡಿ ತೆರೆದು ನೋಡಿದಾಗ ನಗು ಬಂತು. ಟೈಮ್‌ಇಟ್ ಸಮಯ ಅಳೆಯುವಾಗ ಗಾರ್ಬೇಜ್ ಕಲೆಕ್ಟರನ್ನು ತಾನಾಗಿಯೇ ನಿಲ್ಲಿಸಿಬಿಡುತ್ತದೆ. ಅಂದರೆ ಹೊಸ ಕಸಗುಡಿಸುವವನ ಕೆಲಸ ನೋಡಲು ಹೋದವನು ಅವನನ್ನು ರಜೆಯ ಮೇಲೆ ಕಳಿಸಿ, ಅಂಗಳ ನೋಡಿ ಬಂದಿದ್ದೆ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತಾರೆ. ಪಾತ್ರೆಯ ಅನ್ನವೆಲ್ಲ ಒಂದೇ ಉರಿಯಲ್ಲಿ ಬೆಂದಿರುವುದರಿಂದ ಅಲ್ಲಿ ಆ ಮಾತು ನಡೆಯುತ್ತದೆ. ಪ್ರೋಗ್ರಾಮಿಂಗ್ ಭಾಷೆಯ ಹೊಸ ಆವೃತ್ತಿಯಲ್ಲಿ ಒಂದು ಮೂಲೆ ಬೆಂದಿರುತ್ತದೆ, ಇನ್ನೊಂದು ಹಸಿ, ಮತ್ತೊಂದು ತಳ ಹಿಡಿದಿರುತ್ತದೆ. ನಿಮ್ಮ ಪ್ರೋಗ್ರಾಂ ಯಾವ ಮೂಲೆಯಿಂದ ಬಡಿಸಿಕೊಳ್ಳುತ್ತದೆ ಎಂಬುದು ಪೈಥಾನ್ ತಂಡಕ್ಕೆ ಗೊತ್ತಿಲ್ಲ. ಅದನ್ನು ನೀವೇ ನೋಡಬೇಕು. ನೋಡಲು ಸಮಯವೂ ಇದೆ, ದಾರಿಯೂ ಇದೆ.

ಯಾವಾಗ, ಎಲ್ಲಿಂದ

3.9ರಿಂದ ಈಚೆಗೆ ಪೈಥಾನಿಗೆ ವರ್ಷಕ್ಕೊಂದು ಹೊಸ ಆವೃತ್ತಿ. ಮೇ ತಿಂಗಳಲ್ಲಿ ಮೊದಲ ಬೀಟಾ, ಜುಲೈ ಕೊನೆ ಅಥವಾ ಆಗಸ್ಟ್ ಮೊದಲಲ್ಲಿ ರಿಲೀಸ್ ಕ್ಯಾಂಡಿಡೇಟ್, ಅಕ್ಟೋಬರಿನಲ್ಲಿ ಅಂತಿಮ. ಮೊದಲ ಬೀಟಾ ಬಂದ ದಿನದಿಂದ ಹೊಸ ಸೌಲಭ್ಯ ಸೇರಿಸುವುದು ನಿಲ್ಲುತ್ತದೆ, ದೋಷ ತಿದ್ದುವುದು ಮಾತ್ರ ನಡೆಯುತ್ತದೆ. ಆದರೆ ಸಿ ಭಾಷೆಯಲ್ಲಿ ಬರೆದ ವಿಸ್ತರಣೆಗಳು ಪೈಥಾನಿನ ಒಳಮೈಗೆ ಅಂಟಿಕೊಳ್ಳುವ ಕೀಲು, ಎಬಿಐ ಎನ್ನುತ್ತಾರಲ್ಲ, ಅದು ಗಟ್ಟಿಯಾಗುವುದು ಮೊದಲ ರಿಲೀಸ್ ಕ್ಯಾಂಡಿಡೇಟಿನಲ್ಲಿ. ಈ ಎರಡು ದಿನಾಂಕಗಳ ನಡುವಿನ ಅಂತರ ನೆನಪಿನಲ್ಲಿರಲಿ. ಪ್ಯಾಕೇಜಿಂಗಿನ ಅರ್ಧ ತೊಂದರೆ ಅಲ್ಲಿಂದಲೇ ಹುಟ್ಟುತ್ತದೆ.

ಬೀಟಾ ಹಾಕಿಕೊಳ್ಳಲು ಇಂದು ಕಷ್ಟವಿಲ್ಲ. ವಿಂಡೋಸ್, ಮ್ಯಾಕ್‌ಗಳಿಗೆ ಪೈಥಾನಿನ ತಾಣದಲ್ಲೇ ಇನ್‌ಸ್ಟಾಲರ್ ಸಿಗುತ್ತದೆ. ಯೂವಿ, ಪೈಎನ್ವ್ ತರಹದ ಸಾಧನಗಳು ಒಂದೇ ಆದೇಶಕ್ಕೆ ತಂದುಕೊಡುತ್ತವೆ. ಡಾಕರ್ ಬಳಸುವವರಿಗೆ ಆವೃತ್ತಿಯ ಮುಂದೆ ಆರ್‌ಸಿ ಎಂಬ ಬಾಲವಿರುವ ಇಮೇಜ್ ಇದೆ; ಹೆಸರು ಆರ್‌ಸಿ ಎಂದಿದ್ದರೂ ಒಳಗೆ ಬೀಟಾವೇ ಇರುತ್ತದೆ, ಗಾಬರಿಯಾಗಬೇಡಿ. ಒಂದೇ ಎಚ್ಚರಿಕೆ: ಲಿನಕ್ಸಿನಲ್ಲಿ ವ್ಯವಸ್ಥೆಯ ಪೈಥಾನನ್ನು ಮುಟ್ಟಬೇಡಿ. ಉಬುಂಟು, ಫೆಡೋರಾಗಳ ಎಷ್ಟೋ ಒಳ ಸಾಧನಗಳು ಅದರ ಮೇಲೆ ನಿಂತಿವೆ. ಬೀಟಾಗೆ ಬೇರೆ ಕೋಣೆ, ಅದರೊಳಗೆ ಬೇರೆ ವರ್ಚುವಲ್ ಎನ್ವಿರಾನ್‌ಮೆಂಟ್.

ಮೊದಲು ಪ್ಯಾಕೇಜುಗಳು

ವೇಗ ಅಳೆಯುವ ಆಸೆ ಎಲ್ಲರಿಗೂ. ಆದರೆ ಅವಲಂಬನೆಗಳೇ ಕೂರದಿದ್ದರೆ ಓಡಿಸುವುದೇನನ್ನು?

ಪಿಪ್ ಇಳಿಸುವ ವೀಲ್ ಕಡತದ ಹೆಸರನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ಪ್ಯಾಕೇಜಿನ ಹೆಸರು, ಅದರ ಆವೃತ್ತಿ, ಯಾವ ಪೈಥಾನಿಗೆ, ಯಾವ ಎಬಿಐಗೆ, ಯಾವ ಯಂತ್ರಕ್ಕೆ ಎಂಬ ಐದು ತುಂಡುಗಳು ಅಡ್ಡಗೆರೆಯಿಂದ ಬೇರ್ಪಟ್ಟಿರುತ್ತವೆ. ಕೊನೆಯಲ್ಲಿ ಪಿವೈ3, ನನ್, ಎನಿ ಎಂದಿದ್ದರೆ ಅದು ಶುದ್ಧ ಪೈಥಾನ್, ಬೀಟಾದಲ್ಲೂ ಕೂರುತ್ತದೆ. ಸಿಪಿ314 ಎಂದಿದ್ದರೆ 3.14ಕ್ಕಾಗಿಯೇ ಕಂಪೈಲ್ ಮಾಡಿದ್ದು, 3.15ರ ಬೀಟಾಗೆ ಬಾರದು. ಎಬಿಐ3 ಎಂದಿದ್ದರೆ ಅದೃಷ್ಟ: ಮುಂದಿನ ಆವೃತ್ತಿಗಳಿಗೂ ಹೊಂದುವಂತೆ ಕಟ್ಟಿದ ವೀಲ್ ಅದು.

ತಕ್ಕ ವೀಲ್ ಇಲ್ಲದಿದ್ದರೆ ಪಿಪ್ ಸುಮ್ಮನಿರುವುದಿಲ್ಲ, ಮೂಲಕೋಡ್ ತಂದು ನಿಮ್ಮ ಯಂತ್ರದಲ್ಲೇ ಕಟ್ಟಲು ಹೊರಡುತ್ತದೆ. ವಿಂಡೋಸಿನಲ್ಲಿ ವಿಷುಯಲ್ ಸಿ ಪ್ಲಸ್ ಪ್ಲಸ್ ಬೇಕು ಎಂಬ ಕೆಂಪು ಸಾಲು ಕಂಡು ಬೀಟಾವನ್ನು ಬೈದು ಎದ್ದು ಹೋದವರು ಬಹಳ. ತಪ್ಪು ಬೀಟಾದ್ದಲ್ಲ. ಆದ್ದರಿಂದ ಮೊದಲ ಸುತ್ತಿನಲ್ಲಿ ಪಿಪ್‌ಗೆ ‘ಓನ್ಲಿ ಬೈನರಿ’ ಆಯ್ಕೆ ಕೊಟ್ಟು, ಸಿದ್ಧ ವೀಲ್ ಇದ್ದರೆ ಮಾತ್ರ ತೆಗೆದುಕೋ ಎನ್ನಿ. ಪಟ್ಟಿಯನ್ನು ಒಟ್ಟಿಗೆ ಕೊಟ್ಟರೆ ಮೊದಲ ಎಡವಿನಲ್ಲೇ ನಿಂತುಬಿಡುತ್ತದೆ, ಒಂದೊಂದಾಗಿ ಕೊಡಿ. ಹತ್ತು ನಿಮಿಷದಲ್ಲಿ ನಿಮ್ಮ ಅವಲಂಬನೆಗಳಲ್ಲಿ ಯಾವುದು ಸಿದ್ಧ, ಯಾವುದು ಇಲ್ಲ ಎಂಬ ಪಟ್ಟಿ ಕೈಯಲ್ಲಿರುತ್ತದೆ. ಇಲ್ಲದವುಗಳಿಗೆ ‘ಪ್ರಿ’ ಆಯ್ಕೆ ಸೇರಿಸಿ ಮತ್ತೊಮ್ಮೆ ಪ್ರಯತ್ನಿಸಿ, ಏಕೆಂದರೆ ಪ್ಯಾಕೇಜುಗಳ ಬೀಟಾಗಳನ್ನು ಪಿಪ್ ಕೇಳದೆ ಕೊಡುವುದಿಲ್ಲ. ನಂಪೈ ಬಳಗದವರಿಗೆ ರಾತ್ರಿ ರಾತ್ರಿ ಕಟ್ಟಿದ ವೀಲುಗಳ ಪ್ರತ್ಯೇಕ ಉಗ್ರಾಣವೇ ಇದೆ.

ಎರಡು ಬಲೆಗಳಿವೆ. ಒಂದು, ರಸ್ಟ್ ಭಾಷೆಯಲ್ಲಿ ಬರೆದ ಪ್ಯಾಕೇಜುಗಳದ್ದು. ಅವನ್ನು ಪೈಥಾನಿಗೆ ಬೆಸೆಯುವ ಪೈಓ3, ತನಗೆ ಪರಿಚಯವಿಲ್ಲದ ಹೊಸ ಪೈಥಾನ್ ಕಂಡರೆ ‘ಇದು ನಾನು ಬೆಂಬಲಿಸುವ ಗರಿಷ್ಠ ಆವೃತ್ತಿಗಿಂತ ಹೊಸದು’ ಎಂಬರ್ಥದ ದೋಷ ತೋರಿಸಿ ಬಾಗಿಲು ಹಾಕಿಕೊಳ್ಳುತ್ತದೆ. ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ ಹಾಕಿ ಅದನ್ನು ದಾಟಬಹುದು. ದಾರಿಯನ್ನು ದೋಷದ ಸಂದೇಶವೇ ಹೇಳುತ್ತದೆ, ಪೂರ್ತಿ ಓದುವ ತಾಳ್ಮೆ ಬೇಕಷ್ಟೆ. ಇನ್ನೊಂದು ಹೆಚ್ಚು ಕಪಟಿ. ಕೆಲವು ಪ್ಯಾಕೇಜುಗಳು ‘3.15ಕ್ಕಿಂತ ಕೆಳಗಿನ ಪೈಥಾನ್ ಮಾತ್ರ’ ಎಂದು ಮೇಲ್ಮಿತಿ ಬರೆದುಕೊಂಡಿರುತ್ತವೆ. ಆಗ ಪಿಪ್ ಇಲ್ಲ ಎನ್ನುವುದಿಲ್ಲ. ಹಿಂದೆ ಹಿಂದೆ ಹುಡುಕಿಕೊಂಡು ಹೋಗಿ, ಆ ಮಿತಿ ಬರೆಯುವ ಮೊದಲಿನ ಯಾವುದೋ ಹಳೆಯ ಆವೃತ್ತಿಯನ್ನು ಎಳೆದು ತರುತ್ತದೆ. ಅದು ಕಟ್ಟಲು ಆಗದೆ ಮುರಿದು ಬೀಳುತ್ತದೆ, ನೀವು ಬೀಟಾದಲ್ಲಿ ದೋಷ ಹುಡುಕುತ್ತ ಕೂರುತ್ತೀರಿ. ಪಿಪ್ ಏನು ತಂದಿತು, ಎಷ್ಟನೆಯ ಆವೃತ್ತಿ ಎಂದು ಮೊದಲು ನೋಡಿ.

ನೀವೇ ಪ್ಯಾಕೇಜ್ ಪ್ರಕಟಿಸುವವರಾದರೆ ಒಂದು ಮಾತು ಗಂಟು ಹಾಕಿಕೊಳ್ಳಿ. ಬೀಟಾ ಪೈಥಾನಿನಲ್ಲಿ ಕಂಪೈಲ್ ಮಾಡಿದ ವೀಲನ್ನು ಪೈಪಿಐಗೆ ಏರಿಸಬೇಡಿ. ಹೆಸರಿನಲ್ಲಿ ಬೀಟಾ ಎಂಬ ಗುರುತು ಬೀಳುವುದೇ ಇಲ್ಲ. ಮೊದಲ ಬೀಟಾದಲ್ಲಿ ಕಟ್ಟಿದ್ದಕ್ಕೂ ಅಕ್ಟೋಬರಿನ ಅಂತಿಮ ಆವೃತ್ತಿಯಲ್ಲಿ ಕಟ್ಟಿದ್ದಕ್ಕೂ ಒಂದೇ ಹೆಸರು. ನಡುವೆ ಎಬಿಐ ಒಂದು ಕೂದಲೆಳೆ ಸರಿದರೂ, ಅಕ್ಟೋಬರಿನಲ್ಲಿ ಯಾರೋ ಅಮಾಯಕರ ಯಂತ್ರದಲ್ಲಿ ನಿಮ್ಮ ಪ್ಯಾಕೇಜ್ ಕಾರಣ ಹೇಳದೆ ಕುಸಿಯುತ್ತದೆ. ಒಮ್ಮೆ ಏರಿಸಿದ ಕಡತವನ್ನು ಅದೇ ಹೆಸರಿನಲ್ಲಿ ಬದಲಿಸಲು ಪೈಪಿಐ ಬಿಡುವುದೂ ಇಲ್ಲ. ಸಿಬಿಲ್ಡ್‌ವೀಲ್ ಸಾಧನ ಬೀಟಾಗಳನ್ನು ಕೇಳಿದರೆ ಮಾತ್ರ ಕಟ್ಟಿಕೊಡುವುದು, ಕಟ್ಟಿದರೂ ಹಂಚಬೇಡಿ ಎಂದು ಎಚ್ಚರಿಸುವುದು ಇದಕ್ಕಾಗಿಯೇ. ಮೊದಲ ರಿಲೀಸ್ ಕ್ಯಾಂಡಿಡೇಟ್ ಬಂದ ಮೇಲೆ ಧೈರ್ಯವಾಗಿ ಏರಿಸಿ. ಆಗ ಏರಿಸಿದರೆ ಅಂತಿಮ ಬಿಡುಗಡೆಯ ದಿನ ನಿಮ್ಮ ಬಳಕೆದಾರರು ಕೆಂಪು ಸಾಲು ನೋಡುವುದು ತಪ್ಪುತ್ತದೆ.

ಪ್ಯಾಕೇಜುಗಳು ಕೂತ ಮೇಲೆ ಟೆಸ್ಟುಗಳನ್ನು ಎಚ್ಚರಿಕೆಗಳೆಲ್ಲ ದೋಷಗಳಾಗುವಂತೆ ಮಾಡಿ ಓಡಿಸಿ. ಪೈಥಾನ್ ಏನನ್ನಾದರೂ ತೆಗೆಯುವ ಮೊದಲು ಸಾಮಾನ್ಯವಾಗಿ ವರ್ಷಗಟ್ಟಲೆ ಗೊಣಗುತ್ತದೆ, ಆ ಗೊಣಗಾಟ ನಮ್ಮ ಕಿವಿಗೆ ಬೀಳುವುದಿಲ್ಲ ಅಷ್ಟೆ. 3.12ರಲ್ಲಿ ಡಿಸ್ಟ್‌ಯುಟಿಲ್ಸ್ ಹೋಯಿತು. 3.13ರಲ್ಲಿ ಸಿಜಿಐ, ಟೆಲ್ನೆಟ್‌ಲಿಬ್ ಸೇರಿ 19 ಹಳೆಯ ಮಾಡ್ಯೂಲುಗಳು ಒಟ್ಟಿಗೆ ಹೋದವು. ಇನ್ನು 2021ರಲ್ಲಿ 3.10 ಬಂದಾಗ ಆದ ಫಜೀತಿ ನೆನಪಿದ್ದವರಿಗೆ ಈಗಲೂ ನಗು: ಉದ್ಧರಣ ಚಿಹ್ನೆಯಿಲ್ಲದೆ ಬರೆದ 3.10ನ್ನು ಯಾಮಲ್ ಕಡತಗಳು ದಶಮಾಂಶ ಸಂಖ್ಯೆ ಎಂದು ತಿಳಿದು 3.1 ಮಾಡಿಬಿಟ್ಟವು. ಈಗಿನ ಲೆಕ್ಕದಲ್ಲೇ ನಡೆದರೆ 2031ರಲ್ಲಿ 3.20 ಬರುತ್ತದೆ. ಉದ್ಧರಣ ಚಿಹ್ನೆ ಇವತ್ತೇ ಹಾಕಿಡಿ.

ಈಗ ವೇಗ

ಎರಡು ಪೈಥಾನುಗಳನ್ನು ಹೋಲಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ, ಇವೆರಡನ್ನೂ ಕಟ್ಟಿದ್ದು ಯಾರು ಎಂಬುದು. ಉಬುಂಟು ಜೊತೆ ಬಂದ ಹಳೆಯ ಪೈಥಾನನ್ನು, ನೀವೇ ಮೂಲಕೋಡಿನಿಂದ ಕಂಪೈಲ್ ಮಾಡಿದ ಬೀಟಾದೊಂದಿಗೆ ಓಡಿಸಿದರೆ ಬೀಟಾ ಸೋಲುವುದು ಬಹುತೇಕ ಖಚಿತ. ವಿತರಕರು ಕಟ್ಟುವಾಗ ನಿಜವಾದ ಓಟದ ಜಾಡು ನೋಡಿ ಕಂಪೈಲರ್ ತಾನು ಕಟ್ಟುವ ಕೋಡನ್ನು ತಿದ್ದುವ ಪಿಜಿಓ ಎಂಬ ವಿಧಾನ ಬಳಸಿರುತ್ತಾರೆ. ನೀವು ಆಪ್ಟಿಮೈಸೇಶನ್ ಆಯ್ಕೆ ಕೊಡದೆ ಕಟ್ಟಿದರೆ ಅದು ಇರುವುದಿಲ್ಲ. ಡಿಬಗ್ ಆಯ್ಕೆ ಹಾಕಿ ಕಟ್ಟಿದ್ದರಂತೂ ಅದು ಕಾಲಿಗೆ ಕಲ್ಲು ಕಟ್ಟಿ ಓಡಿಸಿದ ಹಾಗೆ. ಎರಡನ್ನೂ ಯೂವಿಯಿಂದ ತನ್ನಿ, ಅಥವಾ ಎರಡನ್ನೂ ಡಾಕರ್ ಇಮೇಜಿನಿಂದ ತನ್ನಿ. ಒಂದೇ ಕೈಯ ಅಡುಗೆಯಾಗಿರಲಿ.

ಇದು ಹೊಸಬರ ತಪ್ಪು ಮಾತ್ರ ಎಂದುಕೊಳ್ಳಬೇಡಿ. 2025ರ ಆರಂಭದಲ್ಲಿ ಪೈಥಾನ್ 3.14ಕ್ಕೆ ಟೇಲ್ ಕಾಲ್ ಆಧಾರಿತ ಹೊಸ ಇಂಟರ್ಪ್ರಿಟರ್ ಸೇರಿತು. ಸರಾಸರಿ ಶೇ 9ರಿಂದ 15ರಷ್ಟು ವೇಗ ಎಂಬ ಅಂಕಿ ಹೊರಬಿತ್ತು. ಮಾರ್ಚಿನಲ್ಲಿ ನೆಲ್ಸನ್ ಎಲ್‌ಹೇಜ್ ಎಂಬ ಎಂಜಿನಿಯರ್ ಅಂಕಿಯ ಬುಡ ಕೆದಕಿದರು. ಹೋಲಿಕೆಗೆ ಇಟ್ಟುಕೊಂಡ ಹಳೆಯ ಇಂಟರ್ಪ್ರಿಟರನ್ನು ಕ್ಲ್ಯಾಂಗ್ 19ರಲ್ಲಿ ಕಟ್ಟಲಾಗಿತ್ತು. ಆ ಕಂಪೈಲರಿನಲ್ಲೇ ಒಂದು ದೋಷವಿದ್ದು, ಹಳೆಯ ಬಗೆಯ ಇಂಟರ್ಪ್ರಿಟರುಗಳನ್ನು ಅದು ನಿಧಾನ ಮಾಡುತ್ತಿತ್ತು. ಹೊಸ ಕುದುರೆ ಅಷ್ಟು ಮುಂದೆ ಕಂಡದ್ದು ಪಕ್ಕದ ಕುದುರೆ ಕುಂಟುತ್ತಿದ್ದುದರಿಂದ. ನಿಜವಾದ ಲಾಭ ಶೇ 3ರಿಂದ 5 ಎಂದು ಅಂಕಿ ಇಳಿಯಿತು. ಹೊಸ ಇಂಟರ್ಪ್ರಿಟರನ್ನು ಬರೆದ ಕೆನ್ ಜಿನ್ ಬಹಿರಂಗವಾಗಿ ಕ್ಷಮೆ ಕೇಳಿದರು. ಯಾರೂ ಮೋಸ ಮಾಡಿರಲಿಲ್ಲ. ಆದರೂ ಹಾಗೆ ಕೇಳಿದ್ದರಿಂದ ಆ ಯೋಜನೆಯ ಮೇಲಿನ ನನ್ನ ನಂಬಿಕೆ ಹೆಚ್ಚಿತು ಎಂದೇ ಹೇಳಬೇಕು.

ಯಂತ್ರದ ವಿಷಯ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಎಂಬ ಗಾದೆ ಲ್ಯಾಪ್‌ಟಾಪಿಗೇ ಮಾಡಿದಂತಿದೆ. ಟರ್ಬೊ ಇರುವ ಪ್ರೊಸೆಸರ್ ಮೊದಲ ಕೆಲವು ಸೆಕೆಂಡು ಅಬ್ಬರಿಸಿ, ಬಿಸಿಯೇರಿದ ಮೇಲೆ ನಿಧಾನವಾಗುತ್ತದೆ. ಹಳೆಯ ಪೈಥಾನನ್ನು ಮೊದಲು, ಬೀಟಾವನ್ನು ಆಮೇಲೆ ಓಡಿಸಿದರೆ ಈ ಆಯಾಸವೆಲ್ಲ ಬೀಟಾದ ಲೆಕ್ಕಕ್ಕೆ ಹೋಗುತ್ತದೆ. ಆದ್ದರಿಂದ ಹಳೆಯದು, ಹೊಸದು, ಹಳೆಯದು, ಹೊಸದು ಎಂದು ಸರದಿಯಲ್ಲಿ ಓಡಿಸಿ. ಚಾರ್ಜರ್ ಹಾಕಿರಲಿ, ಬ್ರೌಸರ್ ಮುಚ್ಚಿರಲಿ. ಬಾಡಿಗೆ ಕ್ಲೌಡ್ ಯಂತ್ರಗಳಲ್ಲಿ ಅಳೆದ ಸಮಯವನ್ನು ನಾನು ನಂಬುವುದಿಲ್ಲ; ಅಲ್ಲಿ ನಿಮ್ಮ ಪ್ರೋಗ್ರಾಮಿನ ಪಕ್ಕದ ಮನೆಯಲ್ಲಿ ಯಾರ ಮದುವೆ ನಡೆಯುತ್ತಿದೆಯೋ ಹೇಳಲಾಗದು.

ಅಳೆಯಲು ಟೈಮ್‌ಇಟ್ ಬೇಡ, ಪೈಪರ್ಫ್ ಹಾಕಿಕೊಳ್ಳಿ. ಅದು ಒಂದೇ ಅಳತೆಗೆ 20 ಬೇರೆ ಬೇರೆ ಪ್ರಕ್ರಿಯೆಗಳನ್ನು ಹುಟ್ಟಿಸಿ, ಪ್ರತಿಯೊಂದರಲ್ಲೂ ಮೈ ಬೆಚ್ಚಗೆ ಮಾಡಿಕೊಂಡು ಮೂರು ಬಾರಿ ಅಳೆದು, ಸರಾಸರಿಯ ಜೊತೆಗೆ ಎಷ್ಟು ಅಲುಗಾಟವಿತ್ತು ಎಂಬುದನ್ನೂ ಹೇಳುತ್ತದೆ. ಎರಡು ಫಲಿತಾಂಶಗಳನ್ನು ಹೋಲಿಸಿ ವ್ಯತ್ಯಾಸಕ್ಕೆ ಅರ್ಥವಿದೆಯೋ ಇಲ್ಲವೋ ಎಂದೂ ತಿಳಿಸುತ್ತದೆ. ಲಿನಕ್ಸಿನಲ್ಲಿ ಯಂತ್ರವನ್ನು ಅಳತೆಗೆ ಹದಗೊಳಿಸುವ ಆದೇಶವೂ ಅದರಲ್ಲಿದೆ. ಪೈಪರ್ಫಾರ್ಮೆನ್ಸ್ ಎಂಬ ದೊಡ್ಡ ಬೆಂಚ್‌ಮಾರ್ಕ್ ಕಟ್ಟನ್ನು ನೀವು ಓಡಿಸಬೇಕಾಗಿಲ್ಲ. ಪೈಥಾನ್ ತಂಡದವರು ಅದನ್ನು ಹೇಗೂ ಓಡಿಸುತ್ತಾರೆ. ನಿಮ್ಮಲ್ಲಿರುವುದು, ಅವರಲ್ಲಿಲ್ಲದಿರುವುದು, ನಿಮ್ಮ ಪ್ರೋಗ್ರಾಂ. ಅದರ ಒಂದು ಪೂರ್ತಿ ಸುತ್ತು, ಕಡತ ಓದುವುದರಿಂದ ಫಲಿತಾಂಶ ಬರೆಯುವವರೆಗೆ, ಓಡಲಿ. ಸಮಯದ ಜೊತೆ ಗರಿಷ್ಠ ಮೆಮೊರಿ ಎಷ್ಟು ಹಿಡಿಯಿತು ಎಂದೂ ಬರೆದಿಟ್ಟುಕೊಳ್ಳಿ. ಶೇ 2-3ರ ಏರಿಳಿತಕ್ಕೆ ಲ್ಯಾಪ್‌ಟಾಪಿನಲ್ಲಿ ಅರ್ಥ ಹುಡುಕಬೇಡಿ. ಶೇ 10 ದಾಟಿ, ಮರುದಿನ ಮತ್ತೆ ಓಡಿಸಿದಾಗಲೂ ಹಾಗೆಯೇ ಉಳಿದರೆ ಮುಂದಿನ ತನಿಖೆ ಶುರು.

ಹಾಗೆ ಕಂಡ ವ್ಯತ್ಯಾಸವೆಲ್ಲ ದೋಷವಾಗಿರಬೇಕಿಲ್ಲ. 3.14ರಲ್ಲಿ ಲಿನಕ್ಸಿನ ಮಲ್ಟಿಪ್ರೊಸೆಸಿಂಗ್ ಹೊಸ ಪ್ರಕ್ರಿಯೆ ಹುಟ್ಟಿಸುವ ಬಗೆಯನ್ನು ಫೋರ್ಕ್‌ನಿಂದ ಫೋರ್ಕ್‌ಸರ್ವರ್‌ಗೆ ಬದಲಿಸಿಕೊಂಡಿತು. ಸಣ್ಣ ಸಣ್ಣ ಕೆಲಸಕ್ಕೆ ಹಲವು ಪ್ರಕ್ರಿಯೆ ಹುಟ್ಟಿಸುವ ಪ್ರೋಗ್ರಾಮುಗಳು ಅಲ್ಲಿ ನಿಧಾನವಾಗಬಹುದು. ಅದು ಬೇಕೆಂದೇ ಮಾಡಿದ ಬದಲಾವಣೆ. ದೂರು ಕೊಡುವ ಮೊದಲು ‘ಹೊಸತೇನು’ ಪುಟ ಓದಿ.

ಕನ್ನಡ ಕಡತ ಇಟ್ಟು ನೋಡಿ

ಕನ್ನಡ ಪಠ್ಯದ ಮೇಲೆ ಕೆಲಸ ಮಾಡುವವರಿಗೆ ಬೀಟಾ ಪರೀಕ್ಷೆಯಲ್ಲಿ ಪ್ರತ್ಯೇಕ ಪಾಲಿದೆ. ಪೈಥಾನ್ ಒಂದು ಪದಸರಣಿಯನ್ನು ಮೆಮೊರಿಯಲ್ಲಿಡುವಾಗ, ಅದು ಬರೀ ಇಂಗ್ಲಿಷ್ ಆದರೆ ಅಕ್ಷರಕ್ಕೊಂದು ಬೈಟ್ ಕೊಡುತ್ತದೆ. ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಇಡೀ ಸರಣಿಗೆ ಎರಡೆರಡು ಬೈಟ್. ಕೊನೆಯಲ್ಲಿ ಯಾರಾದರೂ ನಗುವ ಇಮೋಜಿ ಅಂಟಿಸಿದರೆ ನಾಲ್ಕು. ಈ ಮೂರಕ್ಕೂ ಒಳಗಿನ ದಾರಿಗಳು ಬೇರೆ. ಇಂಗ್ಲಿಷ್ ಪಠ್ಯ ಹಾಕಿ ಅಳೆದ ವೇಗ ಕನ್ನಡಕ್ಕೂ ಅನ್ವಯಿಸುತ್ತದೆ ಎಂದು ಎಣಿಸಬೇಡಿ.

ಪ್ಯಾಕೇಜಿನ ತೊಂದರೆಯೂ ನಮಗೆ ಬೇರೆ ರೀತಿ ತಟ್ಟುತ್ತದೆ. ಪೈಥಾನ್ ಜೊತೆಗೇ ಬರುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಮಾಡ್ಯೂಲಿಗೆ ‘ಪದಗಳನ್ನು ಹೆಕ್ಕು’ ಎಂದರೆ ಅದು ಹಲಂತವನ್ನೂ ಸ್ವರಚಿಹ್ನೆಗಳನ್ನೂ ಪದದ ಭಾಗವೆಂದು ಒಪ್ಪುವುದಿಲ್ಲ. ‘ಕನ್ನಡ’ ಎಂಬುದು ‘ಕನ’ ಮತ್ತು ‘ನಡ’ ಎಂದು ಎರಡು ಹೋಳಾಗಿ ಕೈಗೆ ಬರುತ್ತದೆ. ಅದಕ್ಕಾಗಿ ನಮ್ಮಲ್ಲಿ ಅನೇಕರು ಪೈಪಿಐಯಲ್ಲಿರುವ ರೆಜೆಕ್ಸ್ ಎಂಬ ಹೊರಗಿನ ಪ್ಯಾಕೇಜ್ ಹಿಡಿದಿದ್ದೇವೆ. ಅದು ಸಿ ಭಾಷೆಯದ್ದು, ಪ್ರತಿ ಆವೃತ್ತಿಗೂ ಹೊಸ ವೀಲ್ ಬೇಕು. ಇಂಗ್ಲಿಷಿನವರಿಗೆ ಐಚ್ಛಿಕವಾದದ್ದು ನಮಗೆ ತಳಪಾಯ. ಅದರ ವೀಲ್ ಬಂದಿದೆಯೇ ಎಂದು ಮೊದಲ ಸುತ್ತಿನಲ್ಲೇ ನೋಡಿ.

ಎಲ್ಲಕ್ಕಿಂತ ದೊಡ್ಡದು 3.15ರ ಬದಲಾವಣೆ. ಎನ್‌ಕೋಡಿಂಗ್ ಹೇಳದೆ ಕಡತ ತೆರೆದರೆ ಯುಟಿಎಫ್-8 ಎಂದೇ ತಿಳಿಯಬೇಕು ಎಂಬ ತೀರ್ಮಾನ ಈ ಆವೃತ್ತಿಗಾಗಿ ಆಗಿದೆ. ವಿಂಡೋಸಿನಲ್ಲಿ ಇಲ್ಲಿಯವರೆಗೆ ಹಾಗಿರಲಿಲ್ಲ. ಸಾಮಾನ್ಯವಾಗಿ 1252 ಎಂಬ ಪಾಶ್ಚಾತ್ಯ ಕೋಡ್‌ಪೇಜ್ ಹಿಡಿಯುತ್ತಿತ್ತು. ಯೂನಿಕೋಡ್ ಕನ್ನಡ ಕಡತವನ್ನು ಹಾಗೆ ತೆರೆದರೆ ‘ಕ’ ಎಂಬುದು ಮೂರು ವಿಚಿತ್ರ ಗುರುತುಗಳಾಗಿ ಕಾಣುತ್ತಿತ್ತು. ಒತ್ತಕ್ಷರ ಬಂದಲ್ಲಂತೂ ಪ್ರೋಗ್ರಾಂ ಬಿದ್ದೇ ಹೋಗುತ್ತಿತ್ತು, ಏಕೆಂದರೆ ಹಲಂತದ ಮೂರನೆಯ ಬೈಟಿಗೆ ಆ ಕೋಡ್‌ಪೇಜಿನಲ್ಲಿ ಅರ್ಥವೇ ಇಲ್ಲ. ಆದ್ದರಿಂದ ಹೊಸ ನಿಯಮ ನಮಗೆ ಹಬ್ಬ.

ಆದರೆ ನುಡಿ ತಂತ್ರಾಂಶದ ಹಳೆಯ ಕಡತಗಳಿದ್ದವರು ತಾಳಿ. ಯೂನಿಕೋಡಿಗೆ ಮೊದಲಿನ ಆ ಪಠ್ಯದಲ್ಲಿ ಇರುವುದು ಕನ್ನಡ ಅಕ್ಷರಗಳಲ್ಲ; ಅಕ್ಷರದ ತುಂಡುಗಳಿಗೆ ಹಂಚಿದ ಪಾಶ್ಚಾತ್ಯ ಲಿಪಿಯ ಗುರುತುಗಳು, ಅವನ್ನು ಕನ್ನಡವಾಗಿ ತೋರಿಸುವುದು ಫಾಂಟ್. ಅಂಥ ಪಠ್ಯವನ್ನು ಯೂನಿಕೋಡಿಗೆ ಬದಲಿಸುವ ಸಣ್ಣ ಪೈಥಾನ್ ಸ್ಕ್ರಿಪ್ಟುಗಳು ಎಷ್ಟೋ ಕಚೇರಿ, ಪ್ರಕಾಶನಗಳ ವಿಂಡೋಸ್ ಯಂತ್ರಗಳಲ್ಲಿ ವರ್ಷಗಳಿಂದ ಓಡುತ್ತಿರಬಹುದು. ಬರೆದವರು ಎನ್‌ಕೋಡಿಂಗ್ ಹೇಳಿರಲಿಕ್ಕಿಲ್ಲ. ಹೇಳಬೇಕಾದ ಅಗತ್ಯ ಬಿದ್ದಿರಲಿಲ್ಲ, 1252 ತಾನಾಗಿ ಹೊಂದಿಕೊಳ್ಳುತ್ತಿತ್ತು. ಹೊಸ ನಿಯಮದಲ್ಲಿ ಅದೇ ಸ್ಕ್ರಿಪ್ಟ್ ಅದೇ ಕಡತದ ಮುಂದೆ ಡಿಕೋಡ್ ದೋಷ ಹೇಳಿ ನಿಲ್ಲುತ್ತದೆ. ಕಡತ ತೆರೆಯುವ ಸಾಲಿನಲ್ಲಿ ಸಿಪಿ1252 ಎಂದು ಎನ್‌ಕೋಡಿಂಗ್ ಬರೆದರೆ ಮುಗಿಯಿತು, ಒಂದು ನಿಮಿಷದ ಕೆಲಸ. ಅಂಥ ಸಾಲುಗಳು ಎಲ್ಲೆಲ್ಲಿವೆ ಎಂದು ಹುಡುಕಲು ಬೀಟಾ ಕೂಡ ಬೇಕಿಲ್ಲ: 3.10ರಿಂದಲೇ ಪೈಥಾನಿನಲ್ಲಿ ‘ಎನ್‌ಕೋಡಿಂಗ್ ವಾರ್ನಿಂಗ್’ ಹೊರಡಿಸುವ ಆಯ್ಕೆ ಇದೆ, ಎನ್‌ಕೋಡಿಂಗ್ ಹೇಳದೆ ತೆರೆದ ಪ್ರತಿ ಕಡತಕ್ಕೂ ಅದು ಸಾಲು ಸಂಖ್ಯೆ ಸಮೇತ ಎಚ್ಚರಿಸುತ್ತದೆ.

ಸಿಕ್ಕಿದ್ದನ್ನು ತಿಳಿಸುವಾಗ

ಪ್ಯಾಕೇಜ್ ಕೂರದಿದ್ದರೆ ಆ ಪ್ಯಾಕೇಜಿನವರಿಗೆ ಹೇಳಿ, ಪೈಥಾನಿನವರಿಗಲ್ಲ. ಅದಕ್ಕೂ ಮೊದಲು ಹುಡುಕಿ ನೋಡಿ. ಜೂನ್ ಹೊತ್ತಿಗೆ ‘ಹೊಸ ಆವೃತ್ತಿಗೆ ಬೆಂಬಲ’ ಎಂಬ ಹೆಸರಿನ ಕೋರಿಕೆ ಬಹುತೇಕ ಎಲ್ಲ ದೊಡ್ಡ ಪ್ಯಾಕೇಜುಗಳಲ್ಲೂ ತೆರೆದಿರುತ್ತದೆ. ‘ನನಗೂ ಬೇಕು’ ಎಂದು ನೂರನೆಯವರಾಗಿ ಬರೆಯುವುದರಿಂದ ಸ್ವಯಂಸೇವಕರ ಸಂಜೆ ಹಾಳಾಗುತ್ತದೆ ಅಷ್ಟೆ.

ಪೈಥಾನೇ ನಿಧಾನವಾಗಿದೆ, ಅಥವಾ ಬಿದ್ದಿದೆ ಎಂದು ಖಾತ್ರಿಯಾದರೆ ಗಿಟ್‌ಹಬ್‌ನಲ್ಲಿರುವ ಸೀಪೈಥಾನ್ ಭಂಡಾರದಲ್ಲಿ ದೂರು ತೆರೆಯಿರಿ. ಎರಡೂ ಆವೃತ್ತಿಗಳ ಪೂರ್ತಿ ಸಂಖ್ಯೆ, ಎಲ್ಲಿಂದ ತಂದದ್ದು, ಯಾವ ಕಾರ್ಯಾಚರಣ ವ್ಯವಸ್ಥೆ, ಪೈಪರ್ಫ್ ಹೋಲಿಕೆಯ ಫಲಿತಾಂಶ ಇರಲಿ. ಹೊರಗಿನ ಪ್ಯಾಕೇಜುಗಳನ್ನು ಒಂದೊಂದಾಗಿ ಕಳಚುತ್ತ, ಪ್ರೋಗ್ರಾಮನ್ನು ಮೂವತ್ತು ನಲವತ್ತು ಸಾಲಿಗೆ ಇಳಿಸಿ ಅಂಟಿಸಿ. ಈ ಇಳಿಸುವ ಕೆಲಸಕ್ಕೆ ಒಂದು ಭಾನುವಾರ ಹೋಗುತ್ತದೆ, ಅರ್ಧದಷ್ಟು ಸಲ ತಪ್ಪು ನಮ್ಮದೇ ಎಂದು ಅಲ್ಲೇ ಗೊತ್ತಾಗುತ್ತದೆ. ಕನ್ನಡ ಪಠ್ಯ ಸೇರಿದ್ದರೆ ಅದರ ಚಿತ್ರವನ್ನಷ್ಟೇ ಅಂಟಿಸಬೇಡಿ. ಓದುವವರಿಗೆ ‘ಕ್ಷ’ ಒಂದು ಅಕ್ಷರವೋ ಮೂರು ಕೋಡ್‌ಪಾಯಿಂಟುಗಳೋ ಚಿತ್ರದಿಂದ ತಿಳಿಯುವುದಿಲ್ಲ. ಪಠ್ಯವನ್ನೂ ಕೊಡಿ, ಕೆಳಗೆ ಅದರ ಯೂನಿಕೋಡ್ ಸಂಖ್ಯೆಗಳನ್ನೂ ಸಾಲಾಗಿ ಬರೆಯಿರಿ. ಮುಂದಿನ ಬೀಟಾ ಸಾಮಾನ್ಯವಾಗಿ ಮೂರು ನಾಲ್ಕು ವಾರಕ್ಕೆ ಬರುತ್ತದೆ. ಬಂದ ದಿನ ಅದೇ ಮೂವತ್ತು ಸಾಲನ್ನು ಮತ್ತೆ ಓಡಿಸಿ, ಸರಿಯಾಗಿದ್ದರೆ ಸರಿಯಾಗಿದೆ ಎಂದು ಅದೇ ದೂರಿನ ಕೆಳಗೆ ಒಂದು ಸಾಲು ಬರೆಯಿರಿ.